ಜಪಾನಿನ ಹೆಂಗಸಿಗೆ ಜಯನಗರದ ಕುಂಕುಮ

ನನಗೆ ಚಿತ್ರ ಬರೆಯಲು ಬರುತ್ತದೆ ಎಂಬ ವಿಷಯದಲ್ಲಿ ನನಗೆ ಎಂದೂ ಅನುಮಾನವಿರಲಿಲ್ಲ. ಆಫೀಸಿನ ಗಣೇಶನ ಹಬ್ಬಕ್ಕೆ ಬೋರ್ಡು ಬರೆದವನು ನಾನೇ. ಅದರಲ್ಲಿದ್ದ ಇಲಿಯನ್ನು ಕೆಲವರು ಬೆಕ್ಕು ಎಂದರು. ಅದು ಅವರ ಹೊಟ್ಟೆಕಿಚ್ಚು!

ನಮ್ಮ ಸಾಹೇಬರು ಜಪಾನಿಗೆ ಟ್ರೈನಿಂಗಿಗೆ ಹೋಗಿ ಬಂದಾಗ ಒಂದು ಚಿತ್ರ ತಂದಿದ್ದರು. ಮರದ ಹಲಗೆಯಲ್ಲಿ ಕೆತ್ತಿ ಕಾಗದದ ಮೇಲೆ ಒತ್ತಿದ ಹಳೇ ಕಾಲದ ಚಿತ್ರ. ಜಪಾನಿ ಹೆಂಗಸೊಬ್ಬಳು ಕನ್ನಡಿ ಹಿಡಿದು ತುರುಬಿಗೆ ಬಾಚಣಿಗೆ ಸಿಕ್ಕಿಸಿಕೊಳ್ಳುತ್ತಿದ್ದಾಳೆ.

"ಇದರ ಥರಾನೇ ಕೈಯಲ್ಲಿ ಬರೆದುಕೊಡೋರು ಯಾರಾದ್ರೂ ಗೊತ್ತೇನ್ರೀ? ನಮ್ಮ ಭಾವಮೈದ ತನಗೂ ಒಂದು ಬೇಕು ಅಂತ ಪ್ರಾಣ ತಿಂತಿದಾನೆ" ಎಂದರು ಸಾಹೇಬರು.

"ನಾನೇ ಬರೀತೀನಿ ಸಾರ್!" ಎಂದೆ.

ಇದಕ್ಕೆ ಕಲಾಪ್ರೇಮವೊಂದೇ ಕಾರಣವಲ್ಲ. ರಾಯಚೂರಿಗೆ ಯಾವ ಗುಮಾಸ್ತನನ್ನು ವರ್ಗ ಮಾಡಬೇಕೆಂದು ಸಾಹೇಬರು ಆಗ ಯೋಚಿಸುತ್ತಿದ್ದರು. ನನಗೋ ಜಯನಗರದಲ್ಲಿ ಆಗತಾನೆ ಬಾಡಿಗೆ ಮನೆ ಸಿಕ್ಕಿತ್ತು. ನಲ್ಲಿಯಲ್ಲಿ ನೀರು ಕೂಡ ಬರುತ್ತಿತ್ತು. ಅಂಥ ನಲ್ಲಿಯನ್ನು ಬಿಟ್ಟು ಯಾರಾದರೂ ರಾಯಚೂರಿಗೆ ಹೋಗುತ್ತಾರೆಯೇ?

"ಜೋಪಾನ ಕಣ್ರೀ. ಶುಕ್ರವಾರ ಸಾಯಂಕಾಲ ನಾನೇ ಮನೆಗೆ ಬಂದು ಎರಡನ್ನೂ ತಗೊಂಡು ಹೋಗ್ತೀನಿ" ಎಂದು ಹೇಳಿ ಸಾಹೇಬರು ಚಿತ್ರವನ್ನು ನನ್ನ ಕೈಗಿತ್ತರು.

ಮನೆಗೆ ಬಂದವನೇ, ಗಾಜು ಅಡ್ಡ ಬರುತ್ತದೆಂದು ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿದೆ. ಆ ಗಾಜು ಯಾಕಿತ್ತು ಎಂದು ಆಮೇಲೆ ನನಗೆ ಚೆನ್ನಾಗಿಯೇ ಅರ್ಥವಾಯಿತು.

ಆ ಹೆಂಗಸಿನ ಮುಖದಲ್ಲಿದ್ದದ್ದು ನಾಲ್ಕೇ ಗೆರೆ. ನಾಲ್ಕು ಗೆರೆ ತಾನೇ ಎಂದು ಕೂತೆ. ಅಬ್ಬಬ್ಬಾ, ಆ ನಾಲ್ಕು ಗೆರೆ ನನ್ನನ್ನು ಪಡಿಸಿದ ಪಾಡು ಶತ್ರುವಿಗೂ ಬೇಡ! ಮೂಗು ಸರಿ ಮಾಡಿದರೆ ಕಣ್ಣು ಜಾರುತ್ತಿತ್ತು, ಕಣ್ಣು ಎತ್ತಿದರೆ ಕೆನ್ನೆ ಊದಿಕೊಳ್ಳುತ್ತಿತ್ತು. ನನ್ನ ಹೆಂಡತಿ ಸರಸ ಕಾಫಿ ತಂದವಳು ಬಗ್ಗಿ ನೋಡಿದಳು.

"ರೀ, ಪಾಪ, ಇವಳಿಗೆ ಹಲ್ಲುನೋವಾ?"

ಕಲೆಯ ಗಂಧವಿಲ್ಲದವರ ಜೊತೆ ವಾದ ಮಾಡುವುದಿಲ್ಲವೆಂದು ನಾನು ತುರುಬಿಗೆ ಕೈಹಾಕಿದೆ. ಆ ತುರುಬೋ, ಭಾರಿ ತುರುಬು! ಅರ್ಧ ಬಳಿಯುವಷ್ಟರಲ್ಲಿ ಕಪ್ಪು ಬಣ್ಣ ಮುಗಿದುಹೋಯಿತು. ಅಷ್ಟು ಹೊತ್ತಿಗೆ ಗುರುವಾರ ಸಾಯಂಕಾಲವಾಗಿತ್ತು, ಬಣ್ಣದ ಅಂಗಡಿ ಇದ್ದದ್ದು ಪೇಟೆಯಲ್ಲಿ. ಆಗ ನನಗೆ ಒಂದು ಅದ್ಭುತವಾದ ಉಪಾಯ ಹೊಳೆಯಿತು. ಸರಸಳ ಕಾಡಿಗೆ! ನಮ್ಮ ಜೊತೆಗಿದ್ದ ನನ್ನ ಅಮ್ಮ ಮನೆಯಲ್ಲೇ ದೀಪದ ಮಸಿ ಹಿಡಿದು, ಹರಳೆಣ್ಣೆಯಲ್ಲಿ ಕಲಸಿ ಮಾಡಿದ್ದು. ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದೆ. ತುರುಬು ಮಿರಮಿರನೆ ಮಿಂಚಿತು. ಜಪಾನಿನವರಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಮರುಗುತ್ತಾ ಮಲಗಿದೆ.

ಹರಳೆಣ್ಣೆ ಒಣಗುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ, ಎಣ್ಣೆ ಕಾಗದದಲ್ಲಿ ಹರಡಿಕೊಂಡು ಹೆಂಗಸಿನ ತಲೆಯ ಸುತ್ತ ದುಂಡಗೆ, ಹಳದಿಯಾಗಿ ಬೆಳಗುತ್ತಿತ್ತು. ಥೇಟ್ ಪ್ರಭಾವಳಿ! ಒಣಗಿದರೆ ಹೋದೀತೆಂದು ಎರಡು ಚಿತ್ರಗಳನ್ನೂ ರಟ್ಟಿಗೆ ಸಿಕ್ಕಿಸಿ ನಡುಮನೆಯಲ್ಲಿ ಗೋಡೆಗೆ ಒರಗಿಸಿ, ಹಲ್ಲು ಕಚ್ಚಿಕೊಂಡು ಆಫೀಸಿಗೆ ಹೋದೆ. ಇಡೀ ದಿನ ಫೈಲಿನಲ್ಲೆಲ್ಲ ರಾಯಚೂರೇ ಕಂಡಿತು.

ಸಾಯಂಕಾಲ ಓಡೋಡಿ ಬಂದರೆ ಮನೆಯಲ್ಲಿ ಊದುಬತ್ತಿಯ ಘಮ! ನನ್ನ ಚಿತ್ರಕ್ಕೆ ಮಲ್ಲಿಗೆ ಹಾರ. ಮುಂದೆ ದೀಪ. ಹಣೆಯಲ್ಲಿ ಕಾಸಗಲ ಕುಂಕುಮ. ನಮ್ಮ ಮನೆಯ ಒಡತಿ, ಯಡಿಯೂರಿನ ಗೌರಮ್ಮ, ಕೈಮುಗಿದು ನಿಂತಿದ್ದರು.

"ಯಾವ ದೇವ್ರಾದ್ರೇನು ಸಾರ್, ಮೊಕದಾಗೆ ಏನು ಕಳೆ ಅಂತೀರಿ! ಪ್ರಭಾವಳಿ ನೋಡಿದ್ ಕೂಡ್ಲೆ ಮೈ ಜುಮ್ ಅಂತು" ಎಂದರು.

"ಅಮ್ಮಾ, ಏನಮ್ಮಾ ಇದು?" ಎಂದು ಕಿರುಚಿದೆ.

ಅಮ್ಮ ಶಾಂತವಾಗಿ, "ಶುಕ್ರವಾರದ ದಿನ ಬೋಳು ಹಣೆ ಇಟ್ಕೊಂಡು ಹೆಂಗಸು ನಡುಮನೇಲಿ ನಿಂತಿದ್ರೆ ನೋಡ್ಕೊಂಡು ಇರಕ್ಕಾಗತ್ತೇನೋ? ಕುಂಕುಮ ಇಟ್ಟೆ" ಎಂದರು.

"ಜಪಾನಲ್ಲಿ ಕುಂಕುಮ ಇಡಲ್ಲಮ್ಮಾ!"

"ಅಲ್ಲಿ ಇಡದಿದ್ರೆ ಬೇಡ. ಈಗ ಇರೋದು ಜಯನಗರದಲ್ಲಿ ತಾನೇ?"

ಆಗ ನನ್ನ ಕಣ್ಣು ಪಕ್ಕಕ್ಕೆ ಹೊರಳಿತು. ಸಾಹೇಬರ ಅಸಲಿ ಚಿತ್ರದ ಹಣೆಯಲ್ಲೂ ಕುಂಕುಮ! ಒದ್ದೆ ಬೆರಳಿನಲ್ಲಿ ಒತ್ತಿ ಇಟ್ಟದ್ದು!

"ಅದಕ್ಕೆ ಯಾಕಮ್ಮಾ ಇಟ್ಟೆ?"

"ಇಬ್ಬರು ಹೆಂಗಸರು ಮನೇಗೆ ಬಂದಾಗ ಒಬ್ಬಳಿಗೆ ಕೊಟ್ಟು ಇನ್ನೊಬ್ಬಳನ್ನ ಹಾಗೇ ಕಳಿಸ್ತಾರೇನೋ?"

ಅಂಥ ಹೊತ್ತಿನಲ್ಲೂ ನನ್ನೊಳಗಿನ ಕಲಾವಿದ ಸುಮ್ಮನಿರಲಿಲ್ಲ. "ಯಾವುದು ಅಸಲಿ, ಯಾವುದು ನಾನು ಬರೆದದ್ದು ಅಂತ ನಿನಗೆ ಗೊತ್ತಾಗಲಿಲ್ಲ, ಅಲ್ವಾ?" ಎಂದು ಆಸೆಯಿಂದ ಕೇಳಿದೆ.

"ಅಯ್ಯೋ, ಗೊತ್ತಾಗದೇ ಏನು? ನೀನು ಬರೆದಿರೋದಕ್ಕೆ ನಿಮ್ಮ ಚಿಕ್ಕಪ್ಪನ ಮೂಗು ಇದೆಯಲ್ಲ!"

ನಾನು ಒದ್ದೆ ಬಟ್ಟೆ ತಂದು ಅಸಲಿ ಚಿತ್ರದ ಹಣೆ ಒರೆಸಿದೆ. ಕುಂಕುಮ ಹೋಗಲಿಲ್ಲ, ಹರಡಿತು. ಇನ್ನೊಮ್ಮೆ ಒರೆಸಿದೆ. ಮುಖವೆಲ್ಲ ಕೆಂಪಾಯಿತು. ಸರಸ ಓಡಿಬಂದು ಕೈ ಹಿಡಿದುಕೊಂಡಳು.

"ರೀ, ದಮ್ಮಯ್ಯ, ಬಿಟ್ಟುಬಿಡಿ! ಇನ್ನೊಂದು ಸಲ ಒರೆಸಿದ್ರೆ ಮೂಗೂ ಇರಲ್ಲ!"

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಸಾಹೇಬರು! ದೇವರ ದೀಪ ಕಂಡು ಚಪ್ಪಲಿ ಬಿಟ್ಟು ಭಕ್ತಿಯಿಂದ ಒಳಗೆ ಬಂದರು. ಗೌರಮ್ಮ ಅವರ ಕೈಗೆ ಪ್ರಸಾದವಿಟ್ಟರು. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡು ತಲೆಯೆತ್ತಿದರು. ಮೊದಲು ಹಾರ ಹಾಕಿದ್ದನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದದ್ದನ್ನು ನೋಡಿದರು. ಬಾಯಲ್ಲಿದ್ದ ಪ್ರಸಾದ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಸಾರ್, ಸ್ವಲ್ಪ ನಾಚಿಕೊಂಡಿದಾಳೆ ಅಷ್ಟೆ..." ಎಂದೆ.

ಸಾಹೇಬರು ತಮ್ಮ ಚಿತ್ರವನ್ನು ಎತ್ತಿಕೊಂಡು ಹೊರಟುಹೋದರು. ಮಾತೆಲ್ಲ ಸೋಮವಾರ ಟೈಪಾಗಿ ಬಂತು. ರಾಯಚೂರು!

ಮನೆ ಖಾಲಿ ಮಾಡುವ ದಿನ ಜಟಕಾಕ್ಕೆ ಸಾಮಾನು ಹೇರುತ್ತಿದ್ದಾಗ ಗೌರಮ್ಮ ಕಣ್ಣಲ್ಲಿ ನೀರು ತಂದುಕೊಂಡು ಓಡಿಬಂದರು. ನಮ್ಮನ್ನು ಬಿಟ್ಟಿರಲಾರದ ದುಃಖವೆಂದು ನಾನೂ ಕರವಸ್ತ್ರ ತೆಗೆದೆ.

"ನೀವು ಹೋಗ್ಬನ್ನಿ ಸಾರ್. ಆಯಮ್ಮನ್ನ ಮಾತ್ರ ಇಲ್ಲೇ ಬಿಟ್ಟೋಗಿ!" ಎಂದರು.

ಹಾಗಾಗಿ ನಾನು ಬರೆದ ಹೆಂಗಸು ಊದಿದ ಕೆನ್ನೆ, ನಮ್ಮ ಚಿಕ್ಕಪ್ಪನ ಮೂಗಿನ ಸಮೇತ ನಲ್ಲಿ ನೀರಿರುವ ಮನೆಯಲ್ಲಿ ಕಾಯಂ ಆದಳು. ಅವಳನ್ನು ಬರೆದವನು ರಾಯಚೂರಿನಲ್ಲಿ ಬಾವಿಯಿಂದ ನೀರು ಸೇದಿದ!