ಹನ್ನೊಂದು ನುಡಿಯ ಗಂಜಿ

ಹಿಂದಿನ ದಿನ ಗಂಜಿ ಕಾಸಿ ನೆನೆಹಾಕಿದ್ದ ಪಾತ್ರೆಯನ್ನು ತಿಕ್ಕುತ್ತ ಹಿತ್ತಲಲ್ಲಿ ಕುಳಿತಿದ್ದೆ. ತಳ ಹತ್ತಿರಲಿಲ್ಲ. ಒಂದೇ ಹಿಡಿ ಬೂದಿಯಲ್ಲಿ ಮುಗಿಯಿತಲ್ಲ ತಾಯಿ ಎಂದು ದೇವಿಯನ್ನು ನೆನೆಯುವಷ್ಟರಲ್ಲಿ ನಮ್ಮ ಮನೆಯವರು ಮಗ್ಗದ ಕೋಣೆಯಿಂದ ಕೂಗುತ್ತ ಬಂದರು.

“ಗಂಜಿ ಏನ್ ಕುದಿಸೀದಿಬೇ? ಎಳಿ ಪಟಪಟ ಹರ್ಯಾಕತ್ತಾವು!”

“ದಿನಾ ಕುದಿಸೋದನ್ನ ಕುದಿಸೇನ್ರಿ.”

“ಹಂಗಾದ್ರ ನೂಲ ಖರಾಬ. ನೂಲಿನಂವನ್ನ ಅಂಗಡಿಗೇ ಹೋಗಿ ಕೇಳತೇನಿ.”

ನೇಕಾರರ ಮನೆ ಕಾಣದವರಿಗೆ ಇಷ್ಟು ಹೇಳಬೇಕು. ಹಾಸಿನ ನೂಲನ್ನು, ಅಂದರೆ ಸೀರೆಯ ಉದ್ದೆಳೆಗಳನ್ನು, ಓಣಿಯುದ್ದಕ್ಕೂ ಎಳೆದುಕಟ್ಟಿ ಗಂಜಿ ಹಚ್ಚಿ ಒಣಗಿಸುತ್ತೇವೆ. ಗಂಜಿ ಸರಿಯಿದ್ದರೆ ಎಳೆ ಮಗ್ಗದ ಪೆಟ್ಟು ತಡೆಯುತ್ತದೆ, ಇಲ್ಲದಿದ್ದರೆ ಹರಿಯುತ್ತದೆ. ಈಗ ಹರಿಯುತ್ತಿದ್ದದ್ದು ಮುಧೋಳದ ಮದುವೆಮನೆಗೆ ಒಪ್ಪಿಕೊಂಡಿದ್ದ ಮದುಮಗಳ ಸೀರೆಯ ಹಾಸು. ಮದುವೆಗೆ ಉಳಿದದ್ದು ಹತ್ತು ದಿನ. ನೂಲಿನ ಅಂಗಡಿಯವರೋ, ನಮ್ಮ ಮಾವನವರ ಕಾಲದಿಂದ ಒಂದು ಮಾತು ಆಡಿಸಿಕೊಳ್ಳದ ಮನುಷ್ಯ.

ನನ್ನ ಮೈದುನ ಶಂಕ್ರಪ್ಪ ಆಗ ಕಾಲೇಜಿಗೆ ರಜೆಯೆಂದು ಸೂಟಿಗೆ ಬಂದಿದ್ದ. ಜಮಖಂಡಿ ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ಮೇಲೆ ನಮ್ಮ ಮನೆಯಿಂದ ಸಾಂಗ್ಲಿಗೆ ಹೋಗಿ ವಿಜ್ಞಾನ ಕಲಿಯುತ್ತಿದ್ದವನು ಅವನೊಬ್ಬನೇ. ಅವರ ಕಾಲೇಜಿನಲ್ಲಿ ವಿಜ್ಞಾನದವರಿಗೆ ಒಂದು ಕಟ್ಟಡ, ಭಾಷೆ-ಇತಿಹಾಸದವರಿಗೆ ಇನ್ನೊಂದು ಕಟ್ಟಡವಂತೆ. ನಡುವಿನ ಅಂಗಳವನ್ನು ಯಾರೂ ದಾಟುವುದಿಲ್ಲವಂತೆ. “ಯಾಕೋ, ಅಲ್ಲೇನು ನಾಯಿ ಕಟ್ಟ್ಯಾರೇನು?” ಎಂದು ನಾನು ಕೇಳಿದ್ದೆ. ಅವನು ನಕ್ಕಿರಲಿಲ್ಲ.

“ಅಣ್ಣಾ, ನೂಲಿಗೆ ಬೈಬ್ಯಾಡ,” ಎಂದು ಅವನು ಈಗ ನಡುವೆ ಬಂದ. “ವೈನಿ ಗಂಜಿ ಕುದಿಸೋದು ಹಾಡಿನ ಮ್ಯಾಲೆ. ಹಾಡು ಒಂದಿನಾ ಉದ್ದ, ಒಂದಿನಾ ಗಿಡ್ಡ. ಕುದಿಯೋದಕ್ಕ ಅಳತಿ ಬೇಕು. ಹಾಡು ದೇವರ ಮುಂದ ಇರಲಿ, ಒಲಿ ಮುಂದ ಗಡಿಯಾರ ಇರಲಿ.”

ಅವನು ಹೇಳಿದ್ದು ಸುಳ್ಳಲ್ಲ. ಹಿಟ್ಟು ಕಲಸಿದ ನೀರನ್ನು ಒಲೆಗಿಟ್ಟು ದೇವಿಯ ಹಾಡು ಹೇಳುತ್ತ ತಿರುವಬೇಕು. ಹಾಡಿಗೆ ಹನ್ನೊಂದು ನುಡಿ. ತೀರಿಕೊಂಡ ನಮ್ಮ ಅತ್ತೆಯವರು ನನಗೆ ಕಲಿಸಿದ್ದೇ ಹಾಗೆ. ಶಂಕ್ರಪ್ಪ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಹನ್ನೊಂದೂ ನುಡಿ ಹಾಡಿಸಿದ. ಕೈಗಡಿಯಾರ ನೋಡಿ ಹೊತ್ತು ಬರೆದುಕೊಂಡ. ಆಮೇಲೆ ತಾನೇ ಪಂಚೆ ಮೇಲಕ್ಕೆ ಕಟ್ಟಿ, ತುಟಿ ಬಿಚ್ಚದೆ, ನಿಮಿಷಕ್ಕೆ ನಿಮಿಷ ಸರಿಯಾಗಿ ಗಂಜಿ ಕುದಿಸಿದ. ಉಳಿದಿದ್ದ ಅದೇ ನೂಲಿನ ಗಿಡ್ಡ ಹಾಸೊಂದಕ್ಕೆ ಅಣ್ಣತಮ್ಮಂದಿರು ಹಚ್ಚಿ ಒಣಗಿಸಿದರು. ಮರುದಿನ ಮಗ್ಗಕ್ಕೇರಿಸಿದರೆ ಅದೂ ಪಟಪಟ ಹರಿಯಿತು.

“ಆತಲ್ಲ! ಹಾಡಿದ್ರೂ ಹರೀತಾವು, ಗಡಿಯಾರ ನೋಡಿದ್ರೂ ಹರೀತಾವು. ನೂಲ ಖೊಟ್ಟಿ ಅನ್ನೋದು ಖರೆ ಆತು,” ಎಂದು ನಮ್ಮವರು ರುಮಾಲು ಸುತ್ತತೊಡಗಿದರು. ಅವರು ರುಮಾಲು ಸುತ್ತಿದರೆಂದರೆ ಜಗಳ ತೀರಿಸದೆ ಬಿಚ್ಚುವವರಲ್ಲ.

“ಒಂದ ದಿನಾ ತಡಿ ಅಣ್ಣಾ. ವೈನಿ, ಇವತ್ತ ನೀವs ಮಾಡ್ರಿ. ಹೆಂಗ ಮಾಡತೀರೋ ಹಂಗ. ನಾ ಬಾಯಿ ಮುಚ್ಚಿಕೊಂಡು ನೋಡತೇನಿ.”

ನಾನು ಶುರುಮಾಡಿದೆ. ಐದನೆಯ ನುಡಿ ಮುಗಿದ ಮೇಲೆ ಪಾತ್ರೆ ಇಳಿಸಿ, ಮುಚ್ಚಳ ಮುಚ್ಚಿ, ಹಿತ್ತಲ ಬನ್ನಿಗಿಡದ ಬುಡದಲ್ಲಿರುವ ದೇವಿಗೆ ಐದು ಸುತ್ತು ಹಾಕಬೇಕು. ಬಂದು ಪಾತ್ರೆ ಮತ್ತೆ ಒಲೆಗಿಟ್ಟು ಆರನೆಯ ನುಡಿ. ಮೊಣಕಾಲು ಹಿಡಿದುಕೊಂಡು ಐದೂ ಸುತ್ತು ಹಾಕಿ ಬಂದೆ. ಶಂಕ್ರಪ್ಪನ ಪೆನ್ಸಿಲು ನಿಂತುಹೋಗಿತ್ತು.

“ಇದನ್ನ ಹೇಳಲೇ ಇಲ್ಲಲ್ಲ ವೈನಿ!”

“ನೀ ಹಾಡು ಕೇಳಿದಿ, ಹಾಡಿದೆ. ಸುತ್ತು ಹಾಕೋದು ದೇವಿಗೆ. ಗಂಜಿಗೆ ಏನ್ ಸಂಬಂಧೋ?”

ಆ ಗಂಜಿ ಹಚ್ಚಿದ, ಅದೇ ನೂಲಿನ ಇನ್ನೊಂದು ಗಿಡ್ಡ ಹಾಸು ಮರುದಿನ ಮಗ್ಗದ ಮೇಲೆ ಒಂದೆಳೆಯೂ ಹರಿಯದೆ ನಿಂತಿತು. ಶಂಕ್ರಪ್ಪ ಮಗ್ಗದ ಕೋಣೆಯಲ್ಲಿ ಮೇಷ್ಟ್ರಂತೆ ವಿವರಿಸಿದ. ಇಳಿಸಿ ಮುಚ್ಚಿಟ್ಟ ಹೊತ್ತಿನಲ್ಲಿ ಹಿಟ್ಟು ನಿಧಾನಕ್ಕೆ ನೀರು ಕುಡಿದು ಒಳಗೂ ಅರಳುತ್ತದೆ. ಒಂದೇ ಸಮ ಕುದಿಸಿದರೆ ಮೇಲೆ ಬೆಂದಂತೆ ಕಂಡರೂ ಒಳಗೆ ಹಸಿ. ಒಣಗಿದ ಮೇಲೆ ಉದುರುತ್ತದೆ. “ಅವ್ವಗ ಗಡಿಯಾರ ಇರಲಿಲ್ಲ. ದೇವೀನ್ನs ಗಡಿಯಾರ ಮಾಡಿಕೊಂಡಿದ್ಲು,” ಎಂದ. ನಮ್ಮವರು ಮಗ್ಗದ ಮರ ಸವರಿದರು. ಆಮೇಲೆ ತಲೆಯೆತ್ತಿ, “ಅದೆಲ್ಲಾ ಖರೆ. ಹಂಗಾದ್ರ ಮದಲನೇ ಹಾಸು ಯಾಕ ಹರೀತು?” ಎಂದರು.

ಇಬ್ಬರೂ ನನ್ನ ಕಡೆ ನೋಡಿದರು. ರುಮಾಲು ಇನ್ನೂ ಅವರ ತಲೆಯ ಮೇಲೇ ಇತ್ತು. ನಾನು ಸುಮ್ಮನಿದ್ದರೆ ಆ ನೂಲಿನವರು ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಿದ್ದರು.

“ಆವತ್ತ ನಾ ಸುತ್ತು ಹಾಕಿರಲಿಲ್ರಿ,” ಎಂದೆ. “ಮೊಣಕಾಲು ನೋಯತಿತ್ತು. ನಿನಗ ಗೊತ್ತೈತಲ್ಲವ್ವಾ ಅಂತ ಕುಂತಲ್ಲೇ ಕೈಮುಗದೆ.”

ದೇವಿ ಕ್ಷಮಿಸಿದ್ದಳು, ಅದರಲ್ಲಿ ನನಗೆ ಸಂಶಯವಿಲ್ಲ. ಗಂಜಿ ಕ್ಷಮಿಸಿರಲಿಲ್ಲ. ನನಗೆ ನಾಚಿಕೆಯಾದದ್ದು ಇನ್ನೊಂದಕ್ಕೆ: ದೇವಿಯೊಬ್ಬಳೇ ನೋಡುವಾಗ ಬಿಟ್ಟ ಸುತ್ತನ್ನು, ಮೈದುನ ಪೆನ್ಸಿಲು ಹಿಡಿದು ಕುಳಿತಾಗ ಐದಕ್ಕೈದೂ ಹಾಕಿದ್ದೆ.

ನಮ್ಮವರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. “ಲೇ ಶಂಕ್ರ್ಯಾ, ಇನ್ನ ಮ್ಯಾಲೆ ಸೂಟಿಗೆ ಬಂದಾಗೆಲ್ಲಾ ನೀ ಸುತ್ತು ಹಾಕು, ನಿಮ್ಮ ವೈನಿ ಹಾಡಲಿ,” ಎಂದರು. “ಹಾಕತೇನಿ,” ಎಂದ ಅವನು, “ಆದ್ರ ನಾ ದೌಡ ನಡೀತೇನಿ. ಏಳು ಸುತ್ತು ಹಾಕಬೇಕಾಗತೈತಿ.” ಮದುಮಗಳ ಸೀರೆಗೆ ಹೊಸ ನೂಲು ತರಲು ನಮ್ಮವರು ಅದೇ ಅಂಗಡಿಗೆ ಹೋದರು, ಈ ಸಲ ನಗುನಗುತ್ತ. ಹತ್ತರಲ್ಲಿ ಇನ್ನೂ ಎಂಟು ದಿನ ಉಳಿದಿದ್ದವು. ಅದೂ ತಾಯಿಯ ಕೃಪೆಯೇ.

ನಾನು ಒಳಗೆ ಬಂದು ಅಲಸಂದೆ ಕಾಳು ಒಲೆಗಿಟ್ಟೆ. ಉಪ್ಪಿಗೆ ಕೈಹಾಕಿದವಳಿಗೆ ಅತ್ತೆಯವರ ಮಾತು ನೆನಪಾಯಿತು: ‘ಕಾಳು ಒಲಿಗಿಟ್ಟು, ಹೂ ಹರದು, ದೇವರಿಗೆ ದೀಪಾ ಹಚ್ಚಿ ಬಂದು ಉಪ್ಪು ಹಾಕಬೇಕು.’ ಎರಡು ಸಲ ಏಳುವುದು ಬೇಡವೆಂದು ನಾನು ಎರಡು ವರ್ಷದಿಂದ ದೀಪವನ್ನು ಮೊದಲೇ ಹಚ್ಚಿ, ಕಾಳಿನ ಜೊತೆಗೇ ಉಪ್ಪು ಹಾಕಿಬಿಡುತ್ತಿದ್ದೆ. ಕಾಳು ಬೇಯುವುದಿಲ್ಲವೆಂದು ಅದೇ ಎರಡು ವರ್ಷದಿಂದ ಚಿಮ್ಮಡ ಊರಿನಿಂದ ಬಂದು ಕಾಳು ಮಾರುವ ಮುದುಕಿಯನ್ನು ಬೈಯುತ್ತಿದ್ದೆ.

ಉಪ್ಪನ್ನು ತಿರುಗಿ ಅದರ ಗಡಿಗೆಗೇ ಸುರಿದು, ಮೊಣಕಾಲು ಹಿಡಿದು ಎದ್ದು, ಹೂ ಹರಿಯಲು ಹಿತ್ತಲಿಗೆ ಹೋದೆ.