ಮಾಮನ ಎದೆಯೊಳಗಿನ ಮುಕಾದಮ

ನಮ್ಮ ಮನೆಯಲ್ಲಿ ಡಿಗ್ರಿ ಆಗುವ ಮಾತೇ ಇಲ್ಲ ಎಂದವನು ನನ್ನ ಸೋದರಮಾವ. ಮೆಲ್ಲಗೆ ಹೇಳಿದನೇ? ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ನಿಂತವರಿಗೂ ಕೇಳಿಸಿರಬೇಕು. "ಗೋಣಿ ಹೊತ್ತ ಮಂದಿ ನಾವು. ನಮ್ಮ ಮನ್ಯಾಗ ಡಿಗ್ರಿ ಆಗಂಗಿಲ್ಲ ಬಿಡವಾ!"

ಮಾಮ ಮುಂಬೈಗೆ ದುಡಿಯಲು ಬಂದ ಕಲಬುರಗಿ ಕಡೆಯ ಹಮಾಲರ ಟೋಳಿಯ ಮೇಸ್ತ್ರಿ, ಅಂದರೆ ಮುಕಾದಮ. ಅವನು "ಉಠಾವ್" ಎಂದರೆ ಲಾರಿಯೊಳಗಿನ ಗೋಣಿಗಳು ತಾವೇ ಎದ್ದು ನಡೆಯುತ್ತವೆಂದು, ಅವನ ಮನೆಯಲ್ಲೇ ಬೆಳೆದ ನಾನು ಚಿಕ್ಕವಳಿದ್ದಾಗ ನಂಬಿದ್ದೆ.

ಅವನು ಆಗಂಗಿಲ್ಲ ಎಂದರೂ ನಾನು ಕಾಲೇಜು ಸೇರಿದೆ. ಆ ವರ್ಷವೇ ಮಾಮನಿಗೆ ಜ್ವರ ಬಂತು. ಹೋಗುವಾಗ ಹೃದಯದ ಸ್ನಾಯುವಿಗೆ ಬಾವು ಬಿಟ್ಟುಹೋಯಿತು. ಡಾಕ್ಟರು ತಿಳಿಸಿ ಹೇಳಿದರು: ಹೃದಯ ಸೋತಾಗ ನರಗಳು ಅದನ್ನು ಇನ್ನಷ್ಟು ಓಡಿಸುತ್ತವೆ, ಓಡಿಸಿದಷ್ಟೂ ಬಾವು ಕೆರಳುತ್ತದೆ, ಬಾವು ಕೆರಳಿದಷ್ಟೂ ನರಗಳಿಗೆ ಅವಸರ.

ಮಾಮ ತಲೆಯಾಡಿಸಿದ. "ತಿಳೀತ್ರಿ. ಹಮಾಲಗ ಜ್ವರ ಬಂದಾವ, ಮುಕಾದಮ ಚಲ್ ಚಲ್ ಅಂತ ಒದರಾಕತ್ತಾನ."

ನಾನು ಅದನ್ನು ಹಿಂದಿಯಲ್ಲಿ ಹೇಳಿದಾಗ ಡಾಕ್ಟರು ನಕ್ಕು, ಆ ಮುಕಾದಮನ ಬಾಯಿ ಕಟ್ಟಲಿಕ್ಕೇ ಈ ಗುಳಿಗೆ ಎಂದರು.

ಗುಳಿಗೆ ಸಾಕಿತ್ತು. ಒದರಿದರೆ ಎದೆ ಓಡೀತೆಂದು ಮಾಮ ತನ್ನ ಬಾಯನ್ನೂ ಕಟ್ಟಿಕೊಂಡ! ಅಂದಿನಿಂದ ಮನೆಯಲ್ಲಿ ಪಿಸುಮಾತಿನ ಆಡಳಿತ. ಕಲ್ಯಾಣದ ಪ್ಲಾಟ್‌ಫಾರ್ಮಿಗೆ ಲೋಕಲ್ ಬಂದರೆ ಮಾಮ ಹಿಂದೆ ಸರಿದು ದಾರಿ ಬಿಡುತ್ತಿದ್ದ. "ಮುಂದಿಂದು ಖಾಲಿ ಬರತದ." ಮುಂಬೈ ಲೋಕಲ್ ಯಾವತ್ತಾದರೂ ಖಾಲಿ ಬಂದದ್ದುಂಟೇ? ಸಾನಪಾಡಾದ ಮದುವೆಗೆ ನಾವು ತಲುಪಿದಾಗ ಮದುಮಗ ಊಟ ಮುಗಿಸಿ ಕೈ ತೊಳೆಯುತ್ತಿದ್ದ.

ಸುದ್ದಿಯನ್ನೂ ಕಂತಿನಲ್ಲೇ ಹೇಳಬೇಕು. ಮಾಮನ ಮಗಳ ಹೆರಿಗೆಯಾದಾಗ ಅವನ ಹೆಂಡತಿ, ನನ್ನ ಅತ್ತಿ, ಬೆಳಿಗ್ಗೆ "ಹಡದಾಳ" ಎಂದಳು. ಚಹಾ ಕುಡಿಸಿ "ಆರಾಮ ಅದಾಳ" ಎಂದಳು. ಊಟವಾದ ಮೇಲೆ "ಎರಡು ಕೂಸು ಅದಾವ" ಎಂದಳು.

"ಸಂಜೀತನಕ ಕಾಯಸಬ್ಯಾಡ," ಮಾಮ ಪಿಸುಗುಟ್ಟಿದ, "ಇನ್ನೆಷ್ಟು ಅದಾವ, ಈಗೇ ಹೇಳಿಬಿಡು."

ನಕ್ಕೆವು, ನಿಜ. ಆದರೆ ಆ ಗಂಟಲಿಲ್ಲದ ಮನೆ ನಮ್ಮ ಮನೆಯಂತಿರಲಿಲ್ಲ. ಖಾರಘರದ ಕಾಲೇಜಿನಿಂದ ಬಂದು ನಮ್ಮ ಸಾಲುಮನೆಗಳ ಚಾಳಿನ ಮೂಲೆ ತಿರುಗುವಾಗ ನನ್ನ ಕಿವಿ ತಾನಾಗಿ ಆ ಗಂಟಲನ್ನು ಹುಡುಕುತ್ತಿತ್ತು. ಆಗಂಗಿಲ್ಲ ಅಂತಲಾದರೂ ಒಮ್ಮೆ ಒದರಬಾರದೇ? ಬಾವು ಇಳಿದಿದೆ, ಹೃದಯ ಚೇತರಿಸಿಕೊಂಡಿದೆ, ಇಷ್ಟೊಂದು ಹೆದರಬೇಡಿ ಎಂದು ಡಾಕ್ಟರು ಹೇಳಿದರೂ ಮಾಮನಿಗೆ ನಂಬಿಕೆ ಬರಲಿಲ್ಲ. ನಾನು ಪಾಸಾದಾಗ "ಹ್ಞೂಂ" ಎಂದ, ಅದೂ ಗೋಡೆಗೆ ಕೇಳಿಸದಂತೆ.

ಪದವಿ ಪ್ರಮಾಣಪತ್ರ ತಂದ ದಿನವೂ ಕಂತಿನಲ್ಲೇ ಕೊಡಬೇಕೆಂದುಕೊಂಡೆ. ಮೊದಲು ಕವರು ತೋರಿಸಿದೆ, ಆಮೇಲೆ ಒಳಗಿನ ಹಾಳೆಯ ಅಂಚು. ಅತ್ತಿ ಪಕ್ಕದಲ್ಲಿ "ಸಾವಕಾಶ, ಸಾವಕಾಶ" ಎನ್ನುತ್ತಲೇ ಇದ್ದಳು. ಮಾಮ ಕೈಗಳನ್ನು ಲುಂಗಿಗೆ ಒರೆಸಿಕೊಂಡು ಇಡೀ ಹಾಳೆಯನ್ನು ತೆಗೆದುಕೊಂಡ. ನನ್ನ ಹೆಸರಿನ ಮೇಲೆ ಬೆರಳಿಟ್ಟ. ಎದ್ದು ಬಾಗಿಲಿಗೆ ಹೋದ.

"ಏ, ಕೇಳ್ರಿಲ್ಲೆ! ನಮ್ಮ ಮನ್ಯಾಗ ಡಿಗ್ರಿ ಆಗಂಗಿಲ್ಲ ಅಂದಂವ ನಾನ! ಬಂದು ನೋಡ್ರಿ, ಆಗ್ಯದ!"