ಖಂಡೇಪೂಜೆಯ ದಿನ ಫ್ಯೂಜ್ ಬ್ಯಾಂಡು

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಮುಂಜಾನೆ ಗುರುಪಾದ ಜಳಕ ಮುಗಿಸಿ ಬರುವಷ್ಟರಲ್ಲಿ ಅವನ ಕೀಬೋರ್ಡು ದೇವರಾಗಿತ್ತು. ಅವ್ವ ಶಿವಬಸವ್ವ ಅದರ ಕರಿ ಪಟ್ಟಿಗಳಿಗೆ ವಿಭೂತಿ, ಬಿಳಿ ಪಟ್ಟಿಗಳಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಅರ್ಧ ತಂಬಿಗೆ ತೀರ್ಥ ಚಿಮುಕಿಸಿದ್ದಳು. ಮೇಲೊಂದು ನಿಂಬೆಹಣ್ಣು.

"ಯವ್ವಾ, ಮಧ್ಯಾಹ್ನ ಬೆಂಗಳೂರಿಂದ ಕ್ಯಾಸೆಟ್ ಕಂಪನಿಯವ್ರು ಬರಾಕತ್ತಾರ. ಇದನ್ನ ಬಾರಿಸಿ ತೋರಿಸಬೇಕು!"

"ಖಂಡೇಪೂಜಿ ಮಾಡಿದ್ದನ್ನ ನಾಳೆ ಬನ್ನಿ ಮುಡಿಯೋತನಕಾ ಮುಟ್ಟಂಗಿಲ್ಲ. ನಿಮ್ಮಪ್ಪ ಇವತ್ತ ಸೈಕಲ್ ಸೈತ ಹತ್ತತಿರಲಿಲ್ಲ. ಖಾಲಿ ಅದಿಯಲ್ಲ, ಜ್ವಾಳದ ಡಬ್ಬಿ ಇಮಾಮಬಿ ಗಿರಣಿಗೆ ಒಯ್ದು ಬಾ. ಓಣ್ಯಾಗ ಅದೊಂದ ಇವತ್ತ ಚಾಲೂ ಐತಿ."

"ಆಕಿ ಗಿರಣಿಗೆ? ಜೀವ ಹೋದ್ರೂ ಹೋಗಂಗಿಲ್ಲ."

ಹತ್ತು ವರ್ಷದ ಹಿಂದೆ, ತೊಂಬತ್ನಾಲ್ಕರಲ್ಲಿ, ಗುರುಪಾದ ಮತ್ತು ಗೆಳೆಯ ದುರ್ಗೇಶ 'ಫ್ಯೂಜ್' ಎಂಬ ಬ್ಯಾಂಡು ಕಟ್ಟಿದ್ದರು. ತಬಲಾ ಇಲ್ಲ, ಗಿಟಾರಿಲ್ಲ, ಪ್ರೀತಿಯ ಹಾಡಂತೂ ಇಲ್ಲವೇ ಇಲ್ಲ. ಬರೀ ಯಂತ್ರದ ಸದ್ದು, ನಡುನಡುವೆ ಸಿಟ್ಟಿನ ನಾಲ್ಕು ಮಾತು. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥದ್ದಕ್ಕೆ ಮೊದಲಿಗರು ಅವರೇ, ಕೊನೆಯವರೂ ಅವರೇ. ಕಾಲೇಜಿನ ಗ್ಯಾದರಿಂಗಿನಲ್ಲಿ ಮೊದಲ ಹಾಡು ಶುರುವಾದ ಕೂಡಲೇ, ಸ್ಪೀಕರು ಕೆಟ್ಟಿತೆಂದು ಎಲೆಕ್ಟ್ರಿಷಿಯನ್ನು ಓಡಿ ಬಂದು ವೈರು ಕಿತ್ತಿದ್ದ. ಜನ ಚಪ್ಪಾಳೆ ತಟ್ಟಿದ್ದು ಅವನಿಗೆ.

ಆಮೇಲೆ ಗಿರಣಿಗೆ ಅಂಟಿಕೊಂಡ ಈ ಮನೆಯಲ್ಲೇ ಒಂದು ಕ್ಯಾಸೆಟ್ ಮಾಡಿದರು. ಒಂದು ತಾಸು ಗಿರಣಿ ನಿಲ್ಲಿಸೆಂದು ಕೈಮುಗಿದರೂ ಇಮಾಮಬಿ ಕೇಳಲಿಲ್ಲ. ಕ್ಯಾಸೆಟ್ಟನ್ನು ಯಾರೂ ಕೊಳ್ಳಲಿಲ್ಲ. ಆ ಪಾಪವನ್ನೆಲ್ಲ ಅವಳ ತಲೆಗೆ ಕಟ್ಟಿ ಗುರುಪಾದ ಅಂದಿನಿಂದ ಮಾತು ಬಿಟ್ಟಿದ್ದ.

ಹೋದ ವಾರ ಪತ್ರ ಬಂತು. ಬೆಂಗಳೂರಿನ ಹುಡುಗರು ಆ ಹಳೇ ಕ್ಯಾಸೆಟ್ಟಿನ ತಾಳ ಕದ್ದು ಒಂದೊಂದು ಬ್ಯಾಂಡು ಕಟ್ಟುತ್ತಿದ್ದಾರಂತೆ. 'ಆ ತಾಳವನ್ನು ಎದುರಿಗೇ ಕೇಳಬೇಕು. ಹಾಗೇ ಇದ್ದರೆ ಹೊಸ ಸಿ.ಡಿ. ಮಾಡೋಣ' ಎಂದು ಕ್ಯಾಸೆಟ್ ಕಂಪನಿಯ ಸುಮಲತಾ ಎಂಬವರು ಬರೆದಿದ್ದರು. ಗುರುಪಾದ ಆ ಪತ್ರವನ್ನು ಓಣಿಯ ಪ್ರತಿ ಮನೆಗೂ ಓದಿ ತೋರಿಸಿದ್ದ.

ಬೇರೆ ಕೀಬೋರ್ಡಿಗಾಗಿ ದುರ್ಗದಬೈಲಿನ ಪೇಟೆಗೆ ಓಡಿದ. ದುರ್ಗೇಶ ಈಗ ಮದುವೆ ಬ್ಯಾಂಡಿನ ಮಾಲಕ. ಅವನ ಅಂಗಡಿಯಲ್ಲೂ ಕೀಬೋರ್ಡು, ಕಹಳೆ, ಡೋಲು ಹಾರ ಹಾಕಿಕೊಂಡು ಮದುಮಕ್ಕಳಂತೆ ಸಾಲಾಗಿ ಕೂತಿದ್ದವು.

"ದೋಸ್ತ, ಒಂದ ತಾಸು ಕೊಡೋ."

"ನಾಳೆ ಬನ್ನಿ ಮುಡದ ಮ್ಯಾಲ ಒಂದ್ಯಾಕ, ಎರಡ ತಾಸು ಒಯ್ಯಿ."

"ಲೇ, 'ದೇವರ ಫ್ಯೂಜ್ ಹೋಗೇತಿ' ಅಂತ ಮೈಕಿನ್ಯಾಗ ಒದರಿದಾಂವ ನೀನ ಅಲ್ಲೇನು?"

"ಆವಾಗ ನನಗ ಹೆಂಡ್ತಿ ಇರಲಿಲ್ಲಪಾ."

ಬೆವರಿಳಿಸುತ್ತ ಮನೆಗೆ ಬಂದರೆ ಸುಮಲತಾ ಆಗಲೇ ಹೋಳಿಗೆ ತಿನ್ನುತ್ತಿದ್ದಳು. ಸುತ್ತ ಅರ್ಧ ಓಣಿ ನೆರೆದಿತ್ತು.

"ಸಂಜೆ ಟ್ರೈನಿಗೆ ವಾಪಸ್ ಹೋಗ್ಬೇಕು ಸರ್. ಶುರು ಮಾಡ್ತೀರಾ?" ಎಂದು ಅವಳು ರೆಕಾರ್ಡರು ತೆಗೆದಳು.

ಗುರುಪಾದ ಕಣ್ಣು ಮುಚ್ಚಿ ನಿಂಬೆಹಣ್ಣು ಎತ್ತಿದ. "ಅಯ್ಯ ಶಿವನ!" ಎಂದಿತು ಓಣಿ. ಪ್ಲಗ್ ಹಾಕಿದ. ಒಳಗಿಳಿದಿದ್ದ ತೀರ್ಥ ತನ್ನ ಕೆಲಸ ಮಾಡಿತು. ಫಟ್! ಕೀಬೋರ್ಡಿನಿಂದ ಊದಿನಕಡ್ಡಿಯಂತೆ ಸಣ್ಣಗೆ ಹೊಗೆ ಎದ್ದಿತು. ಮನೆಯ ಫ್ಯೂಜು ಹಾರಿ ಫ್ಯಾನೂ ನಿಂತಿತು.

"ನಾ ಹೇಳಿದ್ದಿಲ್ಲೇನು?" ಎಂದಳು ಶಿವಬಸವ್ವ.

ಫ್ಯಾನಿನ ಗರಗರ ನಿಂತಿದ್ದರಿಂದ ಗೋಡೆಯಾಚೆಯ ಸದ್ದು ಕೇಳಿಬಂತು: ಧಡ್-ಧಡಾ-ಕಟ್, ಧಡ್-ಧಡಾ-ಕಟ್.

ಸುಮಲತಾ ತಟ್ಟೆ ಬಿಟ್ಟು ಎದ್ದಳು. "ಇದೇ! ಕ್ಯಾಸೆಟ್ಟಿನ ತಾಳ ಇದೇ! ಯಾರು ಬಾರಿಸ್ತಿರೋದು?"

"ಗಿರಣಿ ಇಮಾಮಬಿ" ಎಂದಿತು ಓಣಿ, ಒಕ್ಕೊರಲಿನಿಂದ.

"ಮೇಡಂ, ಅದು ಗದ್ದಲರಿ!" ಗುರುಪಾದ ಅಡ್ಡ ನಿಂತ. "ಅದರ ಮ್ಯಾಲಿನ ಟೂಂಯ್ ಟೂಂಯ್ ಐತೆಲ್ಲ, ಅದು ನಂದು."

"ಅದನ್ನ ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟಿದ್ದೀವಿ ಸರ್."

ಗಿರಣಿಯಲ್ಲಿ ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ಇಮಾಮಬಿ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡಳು. ಸಿ.ಡಿ. ಮೇಲೆ ತನ್ನ ಹೆಸರು ದೊಡ್ಡದಾಗಿ ಬರಬೇಕೆಂದಳು. ಸುಮಲತಾ ಒಪ್ಪಿದಳು.

"ಖಾಲಿ ಕಲ್ಲು ತಿರುಗಿಸಿದ್ರ ಈ ಸದ್ದು ಬರಂಗಿಲ್ಲವಾ. ಕಾಳು ಬೇಕು, ಇದ್ದದ್ದು ಈಗ ಮುಗೀತು. ಯಾರದರ ಬೀಸೋದು ಉಳದೈತೇನು?"

ಇಡೀ ಓಣಿಯ ಹಿಟ್ಟು ಆಗಲೇ ಬೀಸಿ ಆಗಿತ್ತು, ಒಂದು ಮನೆಯದನ್ನು ಬಿಟ್ಟು. ಶಿವಬಸವ್ವ ಡಬ್ಬಿಯನ್ನು ತಂದು ಮಗನ ತಲೆಯ ಮೇಲಿಟ್ಟಳು.

ಗುರುಪಾದ ಜೋಳ ಸುರಿಯುತ್ತ ಏನೋ ಗೊಣಗಿದ. ಹತ್ತು ವರ್ಷದ ಮೇಲೆ ಇಮಾಮಬಿ ಅವನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

"ಒಂದ ತಾಸು ಬಾಯಿ ಮುಚ್ಚಿಕೊಂಡು ನಿಂದ್ರಪಾ. ರೆಕಾರ್ಡಿಂಗ್ ನಡದೈತಿ."